ಗೆರೆ ನೇರ, ಅಪ್ಪನಿಗೆ ಸಪ್ಪೆ: ಸ್ಪೀಕರನ್ನು ಮನೆಗೂ ಕಿವಿಗೂ ಹೊಂದಿಸಿಕೊಳ್ಳುವುದು ಹೇಗೆ

ಹೊಸ ಸ್ಪೀಕರ್ ತಂದ ಮರುದಿನ ಬೆಳಗಿನ ಜಾವ ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆ. ತಗ್ಗಿನ ದನಿಯಿಂದ ಮೇಲಿನ ದನಿಯವರೆಗೆ ಯಾವುದು ಎಷ್ಟು ಜೋರಾಗಿ ಬರುತ್ತದೆ ಅಂತ ತೋರಿಸುವ ಗ್ರಾಫನ್ನು ತಿಂಗಳುಗಟ್ಟಲೆ ನೋಡಿ ಆರಿಸಿದ ಜೋಡಿ ಅದು. ಗೆರೆ ಹೆಚ್ಚುಕಮ್ಮಿ ನೇರ. ಅಂದರೆ ರೆಕಾರ್ಡಿನಲ್ಲಿ ಇರುವುದಕ್ಕೆ ತನ್ನದೇನನ್ನೂ ಸೇರಿಸುವುದಿಲ್ಲ. ಅಪ್ಪ ಎರಡು ನಿಮಿಷ ಕೇಳಿ, "ಇದೇನೋ, ಸಪ್ಪಗಿದೆಯಲ್ಲೋ. ಮೃದಂಗದ ಎಡಗೈ ಎಲ್ಲಿ ಹೋಯ್ತು?" ಅಂದರು. ವಾಲ್ವ್ ರೇಡಿಯೋ ಕೇಳಿ ಬೆಳೆದವರು, ಅವರ ರುಚಿ ಹಾಗೆ ಅಂದುಕೊಂಡು ಸುಮ್ಮನಾದೆ. ಅದು ಪೂರ್ತಿ ನಿಜವಲ್ಲ ಅಂತ ಗೊತ್ತಾಗಲು ಮೂರು ತಿಂಗಳು ಹಿಡಿಯಿತು.

ಹಾಗಿದ್ದೂ ಕೊಳ್ಳುವಾಗ ನೇರ ಗೆರೆಯದನ್ನೇ ಕೊಳ್ಳಿ. ಸಾರಿಗೆ ಉಪ್ಪು ಕಮ್ಮಿಯಾದರೆ ಎಲೆಯಲ್ಲಿ ಕಲಸಿಕೊಳ್ಳಬಹುದು, ಜಾಸ್ತಿಯಾದರೆ ಏನು ಮಾಡುತ್ತೀರಿ? ಪೆಟ್ಟಿಗೆಯೇ ಗುಂಯ್‌ಗುಟ್ಟುವಂಥದ್ದಾದರೆ ಯಾವ ಗುಂಡಿ ತಿರುಗಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿಸಿ. ಒಂದೇ ಒಂದು ಡೆಸಿಬಲ್ (ಶಬ್ದದ ಮಟ್ಟದ ಅಳತೆ) ಹೆಚ್ಚಿದ್ದರೆ ಕಿವಿಗೆ ಅದು "ಜೋರು" ಅಂತ ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಮೊಬೈಲಿನಲ್ಲಿ ಶಬ್ದ ಅಳೆಯುವ ಆ್ಯಪ್ ಸಿಗುತ್ತದೆ. ಅದರ ಲೆಕ್ಕ ಪಕ್ಕಾ ಅಲ್ಲದಿದ್ದರೂ ಒಂದೇ ಜಾಗದಲ್ಲಿಟ್ಟು ಎರಡನ್ನೂ ಹೋಲಿಸಲು ಸಾಕು.

ಮನೆಗೆ ತಂದ ಮೇಲೆ ಮೊದಲ ಕೆಲಸ ಕೋಣೆಯದು. ನಮ್ಮದು ಮೈಸೂರಿನ ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಬರಿ ಗೋಡೆ. ಚಪ್ಪಾಳೆ ತಟ್ಟಿದರೆ ಟಣ್ ಅಂತ ಬಾಲ ಉಳಿಯುತ್ತಿತ್ತು. ನೆಲಕ್ಕೆ ಒಂದು ದಪ್ಪ ಜಮಖಾನ, ಎದುರು ಗೋಡೆಗೆ ಪುಸ್ತಕದ ಕಪಾಟು ಬಂದ ಮೇಲೆ ಬಾಲ ಕಳೆಯಿತು. ಸ್ಪೀಕರನ್ನು ಮೂಲೆಗೆ ತಳ್ಳಿದರೆ ಬಾಸ್, ಅಂದರೆ ತಗ್ಗಿನ ದನಿ, ಉಬ್ಬುತ್ತದೆ, ಗೋಡೆಯಿಂದ ಮುಂದೆ ತಂದರೆ ಇಳಿಯುತ್ತದೆ. ಗೇಣು ಗೇಣಾಗಿ ಸರಿಸಿ ಕೇಳಿ. ಕಾಸು ಖರ್ಚಿಲ್ಲದ ಈ ಕೆಲಸ ನನ್ನ ಮಟ್ಟಿಗೆ ದುಬಾರಿ ಆಂಪ್ಲಿಫೈಯರಿಗಿಂತ ಹೆಚ್ಚು ಫಲ ಕೊಟ್ಟಿದೆ.

ಸರಿಯಾಗಿ ನುಡಿಯುತ್ತಿದೆಯೇ ಅಂತ ನೋಡಲು ಮೂಲ ಗೊತ್ತಿರಬೇಕು. ಸಂಗೀತ ಕಚೇರಿ ಕೇಳಿದ್ದೇನಲ್ಲ ಅನ್ನಬೇಡಿ. ನಮ್ಮೂರ ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಕೇಳಿದ್ದೂ ಮೈಕಿನ ದನಿಯೇ. ನಾನು ಮಾಡಿದ್ದು ಹೀಗೆ: ಹೆಂಡತಿ ದಿನಪತ್ರಿಕೆ ಓದುವುದನ್ನು ಮೊಬೈಲಿನಲ್ಲಿ ಒಂದು ಮೊಳ ದೂರದಿಂದ ರೆಕಾರ್ಡ್ ಮಾಡಿಕೊಂಡೆ. ಮೊಬೈಲ್ ಮೈಕೂ ಒಂದಿಷ್ಟು ಬಣ್ಣ ಬಳಿಯುತ್ತದೆ, ನಿಜ. ಆದರೂ ಅವಳಿಗೆ ನೆಗಡಿಯಾದಂತೆ ಕೇಳಿದರೆ ಎಲ್ಲೋ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಆಮೇಲೆ ತಂಬೂರಿ ಹಾಕಿ. ಜೀವಾಳದ (ತಂತಿಯ ಕೆಳಗೆ ಸಿಕ್ಕಿಸುವ ನೂಲು) ಜೇಂಕಾರ ಎಳೆ ಎಳೆಯಾಗಿ ಬರಬೇಕು. ಒಂದೇ ಮುದ್ದೆಯಾಗಿ ಬಂದರೆ ಮೇಲಿನ ದನಿ ಮುಚ್ಚಿಹೋಗಿದೆ ಅಂತ ಲೆಕ್ಕ.

ಇನ್ನು ನನ್ನ ಪೆದ್ದುತನದ ಕಥೆ. ಒಂದು ಅಂಗಡಿಯವರ ಮಾತು ಕೇಳಿ 4,000 ರೂಪಾಯಿಯ ಸ್ಪೀಕರ್ ವೈರ್ ತಂದೆ. ಹಾಕಿದ ಕೂಡಲೇ ವೀಣೆ ಅರಳಿದ ಹಾಗೆ ಕೇಳಿಸಿತು. ಹೆಂಡತಿ ನಂಬಲಿಲ್ಲ. ನನ್ನನ್ನು ಆಚೆ ಕಳಿಸಿ, ನಾಣ್ಯ ಚಿಮ್ಮಿ, ಒಮ್ಮೆ ಹಳೇ ವೈರ್ ಒಮ್ಮೆ ಹೊಸದು ಹಾಕಿ, ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಹತ್ತು ಸಲದಲ್ಲಿ ನಾನು ಸರಿಯಾಗಿ ಹೇಳಿದ್ದು 5. ಸುಮ್ನೆ ಊಹಿಸಿದರೂ ಅಷ್ಟೇ ಬರುತ್ತದೆ! ದುಬಾರಿಯದನ್ನು ಉಳಿಸಿಕೊಳ್ಳುವ ಮುಂಚೆ ಈ ಆಟ ಆಡಿ. 9 ಸರಿಯಾದರೆ ವ್ಯತ್ಯಾಸ ಇದೆ ಅಂತ ಧೈರ್ಯವಾಗಿ ಹೇಳಬಹುದು.

ಈಗ ಅಪ್ಪನ ಎಡಗೈಗೆ ಬರೋಣ. ಒಂದು ಭಾನುವಾರ ಮಧ್ಯಾಹ್ನ ಅದೇ ವೀಣೆ ಜೋರಾಗಿ ಹಾಕಿದ್ದೆ. ಅಪ್ಪ ಒಳಗಿಂದ ಬಂದು, "ಈಗ ಸರಿಯಾಯ್ತು ನೋಡು, ಏನು ರಿಪೇರಿ ಮಾಡಿದೆ?" ಅಂದರು. ನಾನೇನೂ ಮುಟ್ಟಿರಲಿಲ್ಲ. ಬೆಳಗಿನ ಜಾವ ಮನೆಯವರ ನಿದ್ದೆ ಕೆಡದ ಹಾಗೆ ಅವರು ತೀರಾ ಮೆಲ್ಲಗೆ ಹಾಕಿಕೊಳ್ಳುತ್ತಾರೆ, ಮೊದಲ ದಿನ ನಾನೂ ಹಾಗೇ ಹಾಕಿದ್ದೆ. ದನಿ ಮೆಲ್ಲಗಾದಷ್ಟೂ ನಮ್ಮ ಕಿವಿಗೆ ಮೃದಂಗದ ಎಡಗೈಯಂಥ ತಗ್ಗಿನ ದನಿಗಳು ಉಳಿದವಕ್ಕಿಂತ ಬೇಗ ಮರೆಯಾಗುತ್ತವೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದ್ದರು. ಹಳೇ ಆಂಪ್ಲಿಫೈಯರುಗಳಲ್ಲಿ "ಲೌಡ್‌ನೆಸ್" ಅಂತ ಒಂದು ಗುಂಡಿ ಇರುತ್ತಿತ್ತಲ್ಲ, ಅದು ಇದಕ್ಕೇ. ನಾನು ರುಚಿ ಅಂದದ್ದು ಅಳತೆಗೆ ಸಿಗುವ ಸಂಗತಿಯಾಗಿತ್ತು. ನಾನು ತಾಂತ್ರಿಕ ಅಂದುಕೊಂಡ ವೈರು ಬರೀ ನನ್ನ ಆಸೆ.

ಸರಿಪಡಿಸುವುದು ಸುಲಭ. ಪ್ಲೇಯರಿನ ಈಕ್ವಲೈಸರಿನಲ್ಲಿ, ಅಂದರೆ ತಗ್ಗು, ನಡು, ಮೇಲಿನ ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪಟ್ಟಿಗಳಲ್ಲಿ, 120 ಹರ್ಟ್ಸ್‌ಗಿಂತ ಕೆಳಗಿನ ತಗ್ಗಿನ ದನಿಯನ್ನು 4 ಡೆಸಿಬಲ್ ಏರಿಸಿದೆ. ಅಷ್ಟೇ ಡೆಸಿಬಲ್ ಒಟ್ಟು ಮಟ್ಟವನ್ನು ಇಳಿಸಿದೆ. ಇದನ್ನು ಮರೆತರೆ ಜೋರು ಜಾಗದಲ್ಲಿ ದನಿ ಒಡೆಯುತ್ತದೆ. ಒಮ್ಮೆಗೆ ಒಂದೇ ಪಟ್ಟಿ ಮುಟ್ಟಿ, ಎರಡು ದಿನ ಹಾಗೇ ಬಿಟ್ಟು ಕೇಳಿ, ಆಮೇಲೆ ಇನ್ನೊಂದು. ಒಂದೇ ಸಂಜೆ ಎಲ್ಲವನ್ನೂ ತಿರುಚಿದರೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಈಗ ನಮ್ಮ ಪ್ಲೇಯರಿನಲ್ಲಿ ಎರಡು ಸೆಟ್ಟಿಂಗ್ ಇವೆ, "ನೇರ" ಮತ್ತು "ಅಪ್ಪ". ರಾತ್ರಿ ಹನ್ನೊಂದಾದ ಮೇಲೆ ಮೆಲ್ಲಗೆ ಕೇಳಲು ಕೂತಾಗ ನಾನೂ "ಅಪ್ಪ" ಒತ್ತುತ್ತೇನೆ.