ಕರೆಂಟ್ ಬಂದ ಕೂಡಲೇ ಬಟನ್ ಒತ್ತಬೇಡಿ

ಮಡಿಕೇರಿ ಹತ್ತಿರದ ಒಂದು ಶಾಲೆಯಲ್ಲಿ ಮಕ್ಕಳ ರೋಬೋಟ್ ತಂಡ ನೋಡಿಕೊಳ್ಳುತ್ತೇನೆ. ನಮ್ಮ ರೋಬೋಟಿಗೆ ಹಾಕುವುದು ಮೂರು ಸೆಲ್ಲಿನ, 2200 ಎಂಎಎಚ್ (ಅಂದರೆ 2.2 ಆಂಪ್-ಅವರ್) ಸಾಮರ್ಥ್ಯದ ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ.

ಜುಲೈ ತಿಂಗಳ ಒಂದು ಸಂಜೆ ಚಾರ್ಜ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಮಳೆಗಾಲದಲ್ಲಿ ನಮಗೆ ಇದು ದಿನಾ ಇದ್ದದ್ದೇ. ಬ್ಯಾಟರಿ ಬಿಚ್ಚಿಟ್ಟೆವು. ಕರೆಂಟ್ ಬಂದಾಗ ಒಬ್ಬ ಹುಡುಗ ಗಡಿಬಿಡಿಯಲ್ಲಿ ದಪ್ಪ ವೈರು ಮಾತ್ರ ಸಿಕ್ಕಿಸಿ ಚಾರ್ಜರಿನ ಬಟನ್ ಒತ್ತಿದ್ದಾನೆ. ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿ ಸಮ ಮಾಡಲು ಇರುವ ಬ್ಯಾಲೆನ್ಸಿನ ಸಣ್ಣ ಬಿಳಿ ಕನೆಕ್ಟರ್ ಪಕ್ಕದಲ್ಲಿ ನೇತಾಡುತ್ತಿತ್ತು, ನಾನೂ ಗಮನಿಸಲಿಲ್ಲ.

"ಸರ್, ಇದು ಉಬ್ಬಿದ ಹಾಗಿದೆ ಅಲ್ವಾ?" ಅಂದಳು ಪಕ್ಕದಲ್ಲಿದ್ದವಳು. ನೋಡಿದರೆ ಬ್ಯಾಟರಿಯ ಒಂದು ಬದಿ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಎದ್ದಿತ್ತು. ಪ್ಲಗ್ ಕಿತ್ತು, ಹೊರಗೆ ಜಗಲಿಯ ಸಿಮೆಂಟಿನ ಮೇಲೆ ಇಟ್ಟೆ. ತಣ್ಣಗಾದ ಮೇಲೆ ಅಳೆದೆ. ಒಟ್ಟು 12.6 ವೋಲ್ಟ್, ಸೆಲ್ಲಿಗೆ 4.2ರಂತೆ ಮೂರಕ್ಕೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸೆಲ್ ಒಂದೊಂದಾಗಿ ನೋಡಿದರೆ 4.38, 4.12, 4.10. ಒಂದು ಸೆಲ್ 4.2 ದಾಟಬಾರದು, ದಾಟಿದರೆ ಬೆಂಕಿ ಹತ್ತಿಕೊಳ್ಳಬಹುದು. ಬಿಳಿ ಕನೆಕ್ಟರ್ ಇಲ್ಲದಿದ್ದರೆ ಚಾರ್ಜರಿಗೆ ಕಾಣುವುದು ಒಟ್ಟು ಮಾತ್ರ. ಒಳಗೆ ಯಾವ ಸೆಲ್ ಮಿತಿ ಮೀರುತ್ತಿದೆ ಅಂತ ಅದಕ್ಕೆ ಗೊತ್ತೇ ಆಗುವುದಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಏಳು ಮಕ್ಕಳಿದ್ದರು.

ಈಗ ಚಾರ್ಜಿಂಗ್ ಲ್ಯಾಬಿನ ಮರದ ಮೇಜಿನ ಮೇಲೆ ಇಲ್ಲ, ಮಾಡು ಇರುವ ಜಗಲಿಯಲ್ಲಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು. ಮಳೆಗಾಲದಲ್ಲಿ ಒಣ ಮರಳು ಎಲ್ಲಿಂದ ತರುವುದು? ಬಚ್ಚಲಿನ ಹಂಡೆ ಒಲೆಯ ಪಕ್ಕ ನಾಲ್ಕು ದಿನ ಹರಡಿ ಒಣಗಿಸಿ, ಮುಚ್ಚಳ ಇರುವ ಪೇಂಟ್ ಬಕೆಟಿಗೆ ತುಂಬಿದೆವು. ಕರೆಂಟ್ ಹೋಗಿ ಬಂದರೆ ಯಾರೂ ಸುಮ್ನೆ ಬಟನ್ ಒತ್ತುವ ಹಾಗಿಲ್ಲ. ಮೊದಲು ಮೂರೂ ಸೆಲ್ ಅಳೆಯಬೇಕು. ಆಮೇಲೆ ಎರಡೂ ಕನೆಕ್ಟರ್ ಸಿಕ್ಕಿಸಿ, ಬ್ಯಾಲೆನ್ಸ್ ಮೋಡ್, ಮೂರು ಸೆಲ್, 2.2 ಆಂಪ್ ಅಂತ ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು. ಬೇಗ ಆಗಲಿ ಅಂತ ಆಂಪ್ ಜಾಸ್ತಿ ಮಾಡಲು ನಾನು ಬಿಡುವುದಿಲ್ಲ. ಮುಗಿಯುವವರೆಗೆ ಒಬ್ಬ ದೊಡ್ಡವರು ಅಲ್ಲೇ ಕೂರುತ್ತಾರೆ, ಕಾಫಿಗೂ ಏಳುವುದಿಲ್ಲ.

ಇನ್ನೊಂದು ನಮ್ಮ ಕಡೆಯದೇ ತಾಪತ್ರಯ: ಮಳೆ ರಜೆ. ನಾಳೆ ಅಭ್ಯಾಸ ಅಂತ ಪೂರ್ತಿ ಚಾರ್ಜ್ ಮಾಡಿ ಕಪಾಟಿನಲ್ಲಿ ಇಡುತ್ತಿದ್ದೆವು, ರಾತ್ರಿ ರಜೆ ಘೋಷಣೆ ಆಗುತ್ತಿತ್ತು. ತುಂಬಿದ ಬ್ಯಾಟರಿ ದಿನಗಟ್ಟಲೆ ಹಾಗೇ ಕೂತರೆ ಹಾಳಾಗುತ್ತದೆ. ಅದಕ್ಕೆ ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಎಲ್ಲವನ್ನೂ ಚಾರ್ಜರಿನ ಸ್ಟೋರೇಜ್ ಮೋಡಿನಲ್ಲಿ ಸೆಲ್ಲಿಗೆ 3.8 ವೋಲ್ಟಿಗೆ ತಂದು ಇಡುತ್ತೇವೆ. ಪೂರ್ತಿ ಚಾರ್ಜ್ ಬೆಳಿಗ್ಗೆ, ಮಕ್ಕಳು ಬಂದ ಮೇಲೆ.

ಪ್ರತಿ ಬ್ಯಾಟರಿಗೂ ನಂಬರ್ ಇದೆ, ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇದೆ. ನಾಲ್ಕನೆಯದರ ಮೂರನೇ ಸೆಲ್ ಎರಡು ವಾರದಿಂದ ಹಿಂದೆ ಬೀಳುತ್ತಿದೆ. ನಿನ್ನೆ ಮಕ್ಕಳೇ ಅದರ ಮೇಲೆ ಕೆಂಪು ಟೇಪ್ ಸುತ್ತಿ ಬೇರೆ ಇಟ್ಟರು.