ಇಂಗ್ಲಿಷ್ ಬರವಣಿಗೆ ಕಲಿಸಲು ಇಮೇಲ್ ಹಿಡಿಯಿರಿ

ಕನ್ನಡ ಮಾಧ್ಯಮದಿಂದ ಪಿಯುಸಿಗೆ ಬಂದ ಮಕ್ಕಳಿಗೆ ಇಂಗ್ಲಿಷ್ ರಜಾ ಅರ್ಜಿ ಬರೆಯಲು ಬರುತ್ತದೆ. 'ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್' ಬಾಯಿಪಾಠವೇ ಆಗಿರುತ್ತದೆ. ನಿನ್ನೆ ಊರಲ್ಲಿ ಏನಾಯ್ತು ಬರಿ ಅಂದರೆ ಪೆನ್ನು ನಿಂತುಬಿಡುತ್ತದೆ. ಬರೆದದ್ದಕ್ಕೆ ಮಾರ್ಕ್ಸ್ ಹಾಕುವವರಿದ್ದಾರೆ, ಉತ್ತರ ಬರೆಯುವವರಿಲ್ಲ. ಇಮೇಲ್‌ನಲ್ಲಿ ಆ ಕೆಲಸ ನೀವು ಮಾಡಬಹುದು.

ಮೊದಲು ತರಗತಿಗೆಂದೇ ಹೊಸ ಖಾತೆ ತೆರೆಯಿರಿ. ಎಲ್ಲರಿಗೂ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ (Bcc) ಸಾಲಿನಲ್ಲಿ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಕ್ಕಳ ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಸ್ಮಾರ್ಟ್ ಕಂಪೋಸ್ ಆಫ್ ಮಾಡಿಸಿ. ಅರ್ಧ ವಾಕ್ಯ ಬರೆಯುವಷ್ಟರಲ್ಲಿ ಮಿಕ್ಕರ್ಧ ಅದೇ ತೋರಿಸಿದರೆ ಕಲಿಯೋದೇನು ಬಂತು?

ಮೊದಲ ಮೇಲ್ ನೀವೇ ಬರೆಯಿರಿ. ನಾಲ್ಕೈದು ಸಾಲು, ಕೊನೆಗೆ ಒಂದು ಪ್ರಶ್ನೆ. 'ಮೈ ವಿಲೇಜ್' ಥರದ ವಿಷಯ ಕೊಟ್ಟರೆ ಗೈಡ್ ನೋಡಿ ಇಳಿಸುತ್ತಾರೆ. ಬೆಳಗಿನ ಬಸ್ ತಪ್ಪಿದರೆ ಕಾಲೇಜಿಗೆ ಹೇಗೆ ಬರ್ತೀರಿ ಅಂತ ಕೇಳಿ. ಅದಕ್ಕೆ ಯಾವ ಗೈಡೂ ಇಲ್ಲ.

ಇನ್ನು ತಿದ್ದುವ ಕೆಲಸ. ಜಾಸ್ತಿ ಮೇಷ್ಟ್ರುಗಳು ಎಡವುವುದು ಇಲ್ಲೇ. ಹುಡುಗಿಯೊಬ್ಬಳು 'ಎಸ್ಟರ್‌ಡೇ ಐ ಹ್ಯಾವ್ ಗಾನ್ ಟು ಜಾತ್ರೆ' ಎಂದು ಬರೆದಳು ಅಂದುಕೊಳ್ಳಿ. ಕೆಂಪು ಬಣ್ಣ ಬಳಿಯಬೇಡಿ. 'ಓ, ಯು ವೆಂಟ್ ಟು ದ ಜಾತ್ರೆ! ವಾಟ್ ಡಿಡ್ ಯು ಬೈ?' ಎಂದು ಉತ್ತರಿಸಿ. ಸರಿಯಾದ ರೂಪ ಕಣ್ಣಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ. ಬಳೆ ಕೊಂಡ ವಿಷಯ ಹೇಳಬೇಕಾದರೆ ಅವಳೇ 'ಬಾಟ್' ಹುಡುಕಬೇಕಲ್ವಾ? ಅದೇ ತಪ್ಪು ಮತ್ತೆ ಮತ್ತೆ ಬಂದರೆ ಆಗ ಅದೊಂದನ್ನೇ ಬಿಡಿಸಿ ಹೇಳಿ. ಒಂದು ಮೇಲ್‌ಗೆ ಒಂದೇ ತಪ್ಪು. 'ಎ', 'ದ' ಬಿಟ್ಟುಹೋಗುವುದಕ್ಕೆ ಸುಮ್ನೆ ತಲೆಕೆಡಿಸಿಕೊಳ್ಳಬೇಡಿ. ಕನ್ನಡದಲ್ಲಿ ಅಂಥವು ಇಲ್ಲ, ರೂಢಿಯಾಗಲು ಕಾಲ ಹಿಡಿಯುತ್ತದೆ. ಮೊದಲು ಕ್ರಿಯಾಪದ ಸರಿಹೋಗಲಿ.

ಸಬ್ಜೆಕ್ಟ್ ಸಾಲು ಖಾಲಿ ಇದ್ದರೆ ನಾನು ಮೇಲ್ ತೆರೆಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಹೇಳಬೇಕಾದ್ದನ್ನು ಐದಾರು ಪದಕ್ಕೆ ಇಳಿಸುವುದು ಒಳ್ಳೇ ಕಸರತ್ತು. 'ಡೂ ದ ನೀಡ್‌ಫುಲ್' ಅಂತ ಬಂದರೆ, ಏನು ಮಾಡಲಿ ಹೇಳಪ್ಪ ಅಂತ ವಾಪಸ್ ಕೇಳಿ.

ತರಗತಿಯಲ್ಲಿ 60 ಮಂದಿ ಇದ್ದರೆ ದಿನಕ್ಕೆ 10 ಜನರ ಪಾಳಿ ಮಾಡಿ, ಸೋಮವಾರದಿಂದ ಶನಿವಾರ. ನಿಮ್ಮ ಉತ್ತರ ಮೂರು ಸಾಲು ಮೀರದಿರಲಿ, ಇಲ್ಲದಿದ್ದರೆ ತಿಂಗಳೊಳಗೆ ನಿಮಗೇ ಸಾಕಾಗುತ್ತದೆ. ಮನೆಯ ಮೊಬೈಲ್ ಅಪ್ಪನ ಜೇಬಲ್ಲಿದ್ದರೆ ಕಂಪ್ಯೂಟರ್ ಲ್ಯಾಬ್‌ನಲ್ಲಿ ವಾರಕ್ಕೊಂದು ಪೀರಿಯಡ್ ಕೇಳಿ ಪಡೆಯಿರಿ. ಏಳುವ ಮೊದಲು ಎಲ್ಲರೂ ಲಾಗ್‌ಔಟ್ ಮಾಡಿದ್ದಾರಾ ನೋಡಿ.