ಠರಾವಿಗಿಂತ ಮೊದಲು ಕರೆಂಟ್ ಬಿಲ್ಲು

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ನಾನು 2020ರ ಡಿಸೆಂಬರ್ ಚುನಾವಣೆಯಲ್ಲಿ ಸದಸ್ಯೆಯಾಗಿ ಬಂದೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಕೋಡಿ ಬಿತ್ತು. ಊರಿನವರೆಲ್ಲ ಟೆಂಪೋ ಮಾಡಿಕೊಂಡು ಹೋಗಿ ನೋಡಿ ಬಂದೆವು. ಮರುವರ್ಷವೇ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಶೇಂಗಾ ಹೊಲದಲ್ಲೇ ಒಣಗಿತು, ನಮ್ಮ ಓಣಿಗೆ ಟ್ಯಾಂಕರ್ ನೀರು ಬಂತು.

ಒಂದು ವರ್ಷ ಕೋಡಿ, ಇನ್ನೊಂದು ವರ್ಷ ಟ್ಯಾಂಕರ್. ಇದು ಹೀಗೇ ಜಾಸ್ತಿಯಾಗುತ್ತಾ ಹೋದರೆ ಪಂಚಾಯಿತಿ ಸುಮ್ನೆ ಕೂರಬಾರದು ಅನ್ನಿಸಿತು. 2024ರಲ್ಲಿ ಸಾಮಾನ್ಯ ಸಭೆಗೆ ಒಂದು ವಿಷಯ ಬರೆದುಕೊಟ್ಟೆ: ‘ಹವಾಮಾನ ಬದಲಾವಣೆ ಎದುರಿಸಲು ಪಂಚಾಯಿತಿ ಬದ್ಧವಾಗಿದೆ.’ ತರಬೇತಿಯಲ್ಲಿ ಕೇಳಿದ್ದ ಮಾತನ್ನೇ ಹಾಗೇ ಬರೆದಿದ್ದೆ.

ಓದಿ ಮುಗಿಸುವ ಮೊದಲೇ ಹಿರಿಯ ಸದಸ್ಯರೊಬ್ಬರು ಎದ್ದರು. “ಏನಮ್ಮಾ, ನಮ್ಮೂರಲ್ಲಿ ಯಾವ ಫ್ಯಾಕ್ಟರಿ ಐತೆ? ಹೊಗೆ ಬಿಡೋರು ಬೇರೆ, ಠರಾವು ಮಾಡೋರು ನಾವಾ?” ಇನ್ನೊಬ್ಬರು, “ದುರ್ಗದ ಗುಡ್ಡದ ತುಂಬಾ ಕರೆಂಟ್ ಮಾಡೋ ಗಾಳಿ ಫ್ಯಾನು ತಿರುಗ್ತಾವೆ, ನಮ್ಮ ಜಿಲ್ಲೆ ಪಾಲು ಆಗ್ಲೇ ಕೊಟ್ಟಾಗಿದೆ” ಅಂದರು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಿದರು.

ಅವರ ಮಾತಿನಲ್ಲಿ ತಪ್ಪಿಲ್ಲ ಅಂತ ಮನೆಗೆ ಬಂದ ಮೇಲೆ ತಿಳಿಯಿತು. ಬದ್ಧ ಅಂದರೆ ಯಾವ ಕೆಲಸ, ಯಾವ ದುಡ್ಡು, ಯಾವಾಗ? ನನ್ನ ಕಾಗದದಲ್ಲಿ ಒಂದೂ ಇರಲಿಲ್ಲ.

ಆಮೇಲೆ ಒಂದು ವಾರ ಊರು ಸುತ್ತಿದೆ. ಬೆಳಿಗ್ಗೆ ಹತ್ತೂವರೆಗೆ ಶಾಲೆ ಮುಂದಿನ ಕಂಬದಲ್ಲಿ ದೀಪ ಉರಿಯುತ್ತಿತ್ತು. ಬಿಸಿಲಿನಲ್ಲಿ ಅದು ಉರಿಯುವುದು ಕಾಣಿಸುವುದೂ ಇಲ್ಲ, ಕೆಳಗೆ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಬೇಕು. ಸ್ವಿಚ್ ಆರಿಸಬೇಕಾದ ವಾಟರ್‌ಮ್ಯಾನ್ ಆ ಹೊತ್ತಿಗೆ ಇನ್ನೊಂದು ಹಳ್ಳಿಯಲ್ಲಿ ವಾಲ್ವ್ ತಿರುಗಿಸುತ್ತಿದ್ದ. ಒಬ್ಬನೇ ಎಷ್ಟು ಕಡೆ ಓಡಾಡುತ್ತಾನೆ, ಅಲ್ವಾ?

ಮುಂದಿನ ಸಭೆಗೆ ಕರೆಂಟ್ ಬಿಲ್ಲು ತೆಗೆದುಕೊಂಡು ಹೋದೆ. 40 ವ್ಯಾಟಿನ ಟ್ಯೂಬ್‌ಲೈಟ್ ರಾತ್ರಿಯೆಲ್ಲ 12 ತಾಸು ಉರಿದರೆ ಹತ್ತಿರತ್ತಿರ ಅರ್ಧ ಯೂನಿಟ್. 20 ವ್ಯಾಟಿನ ಎಲ್‌ಇಡಿ ಹಾಕಿದರೆ ಅದರಲ್ಲಿ ಅರ್ಧ. ಹಗಲು ಉರಿಯುವುದೆಲ್ಲ ದಂಡ. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟ್ ಮಾಡಿದರೆ ಹೆಚ್ಚುಕಡಿಮೆ 1 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. “ಮಾವ, ಫ್ಯಾಕ್ಟರಿ ನಮ್ಮೂರಲ್ಲಿಲ್ಲ, ನಿಜ. ಆದರೆ ಕುಡುತಿನಿ, ರಾಯಚೂರಲ್ಲಿ ಕಲ್ಲಿದ್ದಲು ಉರಿಯೋದು ನಮ್ಮ ಈ ಕಂಬಕ್ಕೂ ಸೇರಿಯೇ” ಅಂದೆ. ಆ ಹಿರಿಯ ಸದಸ್ಯರು ಬಿಲ್ಲು ಇಸಕೊಂಡು ಕನ್ನಡಕ ಹಾಕಿ ಓದಿದರು. “ಇಷ್ಟು ಕಟ್ತೀವಾ ನಾವು?” ಅಂದರು.

ಅಲ್ಲಿಂದ ಮಾತು ದಾರಿಗೆ ಬಂತು. ಬೀದಿದೀಪಕ್ಕೆ ಟೈಮರ್, ಕೆಟ್ಟ ಟ್ಯೂಬ್ ಬದಲಿಗೆ ಎಲ್‌ಇಡಿ, ನರೇಗಾದಲ್ಲಿ ಬದು ಮತ್ತು ಕೃಷಿ ಹೊಂಡ, ಗುಂಡುತೋಪಿನಲ್ಲಿ ಹೊಂಗೆ, ಬೇವು, ಹುಣಸೆ. ಪ್ರತಿಯೊಂದರ ಮುಂದೆ ದುಡ್ಡು ಎಲ್ಲಿಂದ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬರೆದರು. ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿ ಬಿತ್ತು.

ಒಂದು ವಿಷಯದಲ್ಲಿ ಮಾತ್ರ ಸೋತೆ. ಕೆರೆಯಂಗಳದ ತುಂಬಾ ಬಳ್ಳಾರಿ ಜಾಲಿ. ಅದನ್ನು ಕಿತ್ತು ಹೂಳು ತೆಗೆದರೆ ಒಂದು ದೊಡ್ಡ ಮಳೆಯ ನೀರಾದರೂ ನಿಲ್ಲುತ್ತದೆ ಅಂತ ಪಟ್ಟು ಹಿಡಿದೆ. ಹಿಂದೆ ಕೂತಿದ್ದ ಸದಸ್ಯೆ ಮೆಲ್ಲಗೆ ಕೇಳಿದಳು: “ಅಕ್ಕಾ, ಅದನ್ನ ಕಡಿದು ಇದ್ದಿಲು ಸುಟ್ಟು ಮಾರೋ ಮನೆಗಳು ನನ್ನ ವಾರ್ಡಲ್ಲಿ ಅದಾವೆ. ಅವರು ಏನು ತಿನ್ನಬೇಕು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಬರ ಬಂದರೆ ಮೊದಲು ಪೆಟ್ಟು ಬೀಳುವುದೂ ಆ ಮನೆಗಳಿಗೇ. ಠರಾವಿನಿಂದ ಆ ಸಾಲನ್ನು ನಾನೇ ಹೊಡೆದುಹಾಕಿಸಿದೆ.

ಟೈಮರ್ ಈಗ ಕೆಲಸ ಮಾಡುತ್ತಿದೆ. ಗುಂಡುತೋಪಿನ ಸಸಿಗಳಲ್ಲಿ ಹೊಂಗೆ ಚೆನ್ನಾಗಿ ಹಿಡಿದಿದೆ, ಹುಣಸೆ ಸುಮಾರು ಮೇಕೆ ಬಾಯಿಗೆ ಹೋಯಿತು. ಇದ್ದಿಲು ಸುಡುವವರ ಮನೆಗಳಿಗೆ ಎರಡು ಸಲ ಹೋಗಿ ಕೂತು ಬಂದೆ. ಜಾಲಿಯನ್ನು ಒಂದೇ ಸಲ ಕೀಳದೆ, ತೂಬಿನ ಕಡೆಯಿಂದ ವರ್ಷಕ್ಕಿಷ್ಟು ಅಂತ ತಾವೇ ಬೇರು ಸಮೇತ ತೆಗೆಯುತ್ತೇವೆ, ಕೂಲಿ ನರೇಗಾದಲ್ಲಿ ಸಿಗಬೇಕು ಅಂತಾರೆ. ಮುಂದಿನ ಸಭೆಗೆ ಅವರನ್ನೇ ಕರೆಸಬೇಕು ಅಂತ ಪಿಡಿಒಗೆ ಬರೆದುಕೊಟ್ಟಿದ್ದೇನೆ.